ಗ್ಯಾಸ್ ಎಂದು ಬರೆದ ಚೀಟಿ

ನಮ್ಮ ಊರಿನ ಹೆಸರು ಬರೆಯುವುದಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬೈ, ಇವುಗಳಲ್ಲಿ ಯಾವುದೋ ಒಂದು ಎಂದಿಟ್ಟುಕೊಳ್ಳಿ. ಸ್ಟೇಶನ್ನಿನ ಪೂರ್ವಕ್ಕೆ ನನ್ನದೊಂದು ಸಣ್ಣ ಹೋಟೆಲ್ ಇದೆ. ಅದರ ಲೈಸೆನ್ಸ್ ಮಹಾನಗರಪಾಲಿಕೆಯ ಕೈಯಲ್ಲಿದೆ. ಹೆದರಿಕೆ ನನಗೆ ಈಗಲೂ ಹೋಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕುಂದಾಪುರದ ಕಡೆಯಿಂದ ನನ್ನನ್ನು ಇಲ್ಲಿಗೆ ಕರೆತಂದವರು ನನ್ನ ಸೋದರಮಾವ. ಬದುಕಿಡೀ ಬೇರೆಯವರ ಹೋಟೆಲಿನ ಗಲ್ಲಾದ ಮೇಲೆ ಕೂತವರು. ನಾನು ಸ್ವಂತ ಹೋಟೆಲ್ ಹಾಕಿದ ಮೇಲೆ ನನ್ನ ಗಲ್ಲಾಕ್ಕೆ ಬಂದು ಕೂತರು. ಮನೆಯಲ್ಲಿ ಅವರು ಮತ್ತು ಅತ್ತೆ. ಒಬ್ಬಳೇ ಮಗಳು, ಮದುವೆಯಾಗಿ ಕಾಮೋಠೆಯಲ್ಲಿದ್ದಾಳೆ. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಡುತ್ತಾಳೆ.

ಮಾವ ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು ನಮ್ಮ ಸ್ಮಶಾನದಲ್ಲಿ ಪಾಲಿಕೆಯವರು ಗ್ಯಾಸಿನಲ್ಲಿ ಸುಡುವ ಯಂತ್ರ ಕೂರಿಸಿದ್ದರು. ಅದಕ್ಕೊಂದು ಉದ್ಘಾಟನೆಯೂ ಆಯಿತು. ಚಹಾ, ಬಟಾಟೆವಡೆ ನಮ್ಮ ಹೋಟೆಲಿನಿಂದ ಹೋಗಿತ್ತು, ಜೊತೆಗೆ ಮಾವನೂ ನಾನೂ ಹೋಗಿದ್ದೆವು. ಕುಲುಮೆಯ ಬಾಯಿಯವರೆಗೆ ಕೆಂಪು ಹಾಸು ಹಾಸಿದ್ದರು. ಬಾಗಿಲಿಗೆ ಕಟ್ಟಿದ ರಿಬ್ಬನ್ನು ಕತ್ತರಿಸಿದವರು, ಅವರ ಪಕ್ಕದಲ್ಲಿ ಜಾಗ ಸಿಗಲೆಂದು ಮೊಣಕೈಯಿಂದ ನೂಕಾಡಿದವರು, ಎಲ್ಲರೂ ನಗುತ್ತ ಫೋಟೊ ತೆಗೆಸಿಕೊಂಡರು. ನನಗೆ ಅಂದೇ ಹೇಸಿಗೆಯಾಗಿತ್ತು. ಮಾವನಿಗೆ ಮಾತ್ರ ಖುಷಿ. ಬಗ್ಗಿ ಒಳಗೆ ನೋಡಿ, "ಇದ್ ಲಾಯ್ಕಿತ್ತ್ ಮಗಾ. ನಂಗೆ ಇದೇ ಸಾಕ್. ಮಳೆಗಾಲದಲ್ಲ್ ಹಸಿ ಕಟ್ಟಿಗೆ ಮೇಲೆ ಅರ್ಧ ಬೇಯುದ್ ಬ್ಯಾಡ" ಎಂದಿದ್ದರು. ಮನೆಗೆ ಹೋಗಿ ಅತ್ತೆಗೂ ಹೇಳಿದರು. ಆಮೇಲೆ ಅದನ್ನೇ ಎಷ್ಟೋ ಸಲ ಹೇಳಿದರು.

ಮಾವ ಹೋದದ್ದು ಆಷಾಢದಲ್ಲಿ, ಮೂರು ದಿನ ಬಿಡದೆ ಸುರಿದ ಮಳೆಯ ಬೆಳಿಗ್ಗೆ. ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟರು. ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮಗಳು ಬರುವಾಗ ಹತ್ತೂವರೆ. ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ಅವಳೇ ಕೊಡುವುದೆಂದಾಯಿತು. ಅತ್ತೆ, "ನಾನೂ ಬತ್ತೆ" ಎಂದರು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಸ್ಮಶಾನದಲ್ಲಿ ಯಂತ್ರದ ಕೋಣೆಗೆ ಬೀಗ ಹಾಕಿತ್ತು. ಬಾಗಿಲ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾಗದ ಅಂಟಿಸಿದ್ದರು: ದುರಸ್ತಿಗಾಗಿ ಬಂದ್.

"ಮಶೀನ್ ಬಂದ್ ಹೈ, ಅಣ್ಣಾ. ಲಕಡೀ ಲೇಲೋ," ಎಂದ ಅಲ್ಲಿಯ ನೌಕರ. ಗೇಟಿನ ಪಕ್ಕದಲ್ಲೇ ಇದ್ದ ಕಟ್ಟಿಗೆ ಅಂಗಡಿಯನ್ನು ಗದ್ದದಿಂದ ತೋರಿಸಿದ.

"ಯಾವಾಗಿನಿಂದ ಬಂದ್?" ಎಂದು ಕೇಳಿದೆ.

ಕೇಳಿಸದವನ ಹಾಗೆ ಹೊರಟುಹೋದ.

ಕಟ್ಟಿಗೆ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಬೆಂಕಿ ಹಿಡಿಯಲೇ ಇಲ್ಲ. ಮೊದಲು ಸೀಮೆಎಣ್ಣೆ, ಆಮೇಲೆ ಡೀಸೆಲ್ಲು. ಕೊನೆಗೆ ಆ ನೌಕರ ಎಲ್ಲಿಂದಲೋ ಹಳೇ ಟಯರಿನ ತುಂಡುಗಳನ್ನು ತಂದು ನಮ್ಮನ್ನು ಒಂದು ಮಾತೂ ಕೇಳದೆ ಕೆಳಗೆ ತುರುಕಿದ. ಕಪ್ಪು ಹೊಗೆ ಎದ್ದಿತು. ಆ ನಾತ ನನ್ನ ಅಂಗಿಯಿಂದ ಎಷ್ಟು ಒಗೆದರೂ ಹೋಗಲಿಲ್ಲ, ಅಂಗಿಯನ್ನೇ ಬಿಸಾಡಿದೆ. ಮಗಳು ಮುಖ ಮುಚ್ಚಿಕೊಂಡು, "ದಾದಾ, ಹೇ ಕಾಯ್ ಚಾಲಲಂಯ್?" ಎಂದಳು, ಇದೇನು ನಡೀತಿದೆ ಎಂದು. ಅತ್ತೆ ಕಲ್ಲುಬೆಂಚಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಾವ ಯಾವುದು ಬೇಡವೆಂದಿದ್ದರೋ ಅದೇ ಅವರ ಕಣ್ಣೆದುರಿಗೆ ಆಗುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಹೂವಿನ ಅಲಂಕಾರದ ಗಾಡಿಯೊಂದು ಬಂತು, ಹಿಂದೆ ಏಳೆಂಟು ಕಾರುಗಳು. ನಮ್ಮ ವಾರ್ಡಿನ ಮಾಜಿ ನಗರಸೇವಕರ, ಅಂದರೆ ಪಾಲಿಕೆ ಸದಸ್ಯರ, ಹೆಂಡತಿಯ ತಾಯಿ ತೀರಿಕೊಂಡಿದ್ದರು. ನೌಕರ ಓಡಿಹೋಗಿ ಯಂತ್ರದ ಕೋಣೆಯ ಬೀಗ ತೆಗೆದ. ಬಾಗಿಲ ಮೇಲಿನ ಕಾಗದವನ್ನು ಜೋಪಾನವಾಗಿ, ಹರಿಯದ ಹಾಗೆ ಬಿಡಿಸಿದ. ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಕೇಳಿಸಿತು.

ನಾನು ಎದ್ದು ನಿಂತೆ. ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆಂದುಕೊಂಡೆ. ಆದರೆ ಮಾಜಿ ನಗರಸೇವಕರು ನನ್ನನ್ನು ಕಂಡು ಕೈ ಮುಗಿದರು. ನಾನೂ ಕೈ ಮುಗಿದೆ. ಅಭ್ಯಾಸ. ಅತ್ತೆ ನನ್ನ ಕೈ ನೋಡಿದರು, ಆಮೇಲೆ ಮೆಲ್ಲಗೆ ಹೇಳಿದರು: "ಆ ಕಾಗ್ದ ಅವ ಕಿಸೆಗೆ ಹಾಕ್ಕಂಡ. ಕಂಡ್ಯಾ?"

"ಕಂಡೆ ಅತ್ತೆ."

"ನಾಳೆ ಬೆಳಿಗ್ಗೆ ಮತ್ತೆ ಅಂಟಿಸ್ತ."

ಮೂರನೆಯ ದಿನ ಅಸ್ಥಿ ತರಲು ಹೋದಾಗ ಕಾಗದ ಅದೇ ಜಾಗದಲ್ಲಿತ್ತು. ನೌಕರ ಒಂದು ಚೀಟಿ ಕೊಟ್ಟ. ಮರಣದ ದಾಖಲೆ ಮಾಡಿಸಲು ಅದು ಬೇಕು. ನೋಡಿದೆ. ದಹನದ ವಿಧಾನ ಎಂಬಲ್ಲಿ 'ಗ್ಯಾಸ್' ಎಂದು ಬರೆದಿತ್ತು. ಓದಿಯೂ ಓದದವನಂತೆ ಅಂಗಿಯ ಕಿಸೆಗೆ ಹಾಕಿಕೊಂಡೆ. ಹೋದವರು ಹೋದರು, ಚೀಟಿಯಲ್ಲಿ ಏನಿದ್ದರೇನು ಅನ್ನಿಸಿತ್ತು.

ಅತ್ತೆಗೆ ಹಾಗನ್ನಿಸಲಿಲ್ಲ. ನಲವತ್ತು ವರ್ಷ ಇಲ್ಲಿದ್ದು ಮರಾಠಿ ಪೇಪರ್ ಓದುವಷ್ಟು ಕಲಿತವರು ಅವರು. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. "ಇದ್ ಯಾರ್ದ್ ಚೀಟಿ?"

"ಮಾವಂದೇ."

"ಮಾವಂಗೆ ಗ್ಯಾಸ್ ಎಲ್ಲ್ ಸಿಕ್ತ್? ಇದನ್ನ ಸರಿ ಮಾಡ್ಸ್ಕಂಡ್ ಬಾ."

ಮರುದಿನ ಪಾಲಿಕೆಯ ವಾರ್ಡ್ ಆಫೀಸಿಗೆ ಹೋದೆ. ಜನನ ಮರಣ ವಿಭಾಗದ ಗುಮಾಸ್ತ ನಮ್ಮ ಹೋಟೆಲಿನ ಗಿರಾಕಿ. ಚೀಟಿ ನೋಡಿ ನಕ್ಕ. "ಕಾಯ್ ಫರಕ್ ಪಡತೊ, ಅಣ್ಣಾ? ಏನಾಗುತ್ತದೆ ಇದರಿಂದ? ಸರ್ಟಿಫಿಕೇಟಿನಲ್ಲಿ ಇದೆಲ್ಲ ಬರುವುದೇ ಇಲ್ಲ," ಎಂದ. ನಾನು ಬಿಡದಿದ್ದಾಗ ರಿಜಿಸ್ಟರ್ ತೆರೆದು ನನ್ನ ಕಡೆ ತಿರುಗಿಸಿದ. ಆ ತಿಂಗಳು ಬಂದ ಒಂದೊಂದು ಹೆಣದ ಮುಂದೆಯೂ ಗ್ಯಾಸ್, ಗ್ಯಾಸ್, ಗ್ಯಾಸ್. ಒಂದೇ ಕೈಬರಹ, ಒಂದೇ ಪೆನ್ನು. ಮಾವನ ಹೆಸರಿನ ಎದುರಿಗೂ ಅದೇ.

"ಎಲ್ಲ ಹೀಗೇ ಬರೆಯುವುದು. ನಿಮ್ಮದೊಂದಕ್ಕೆ ಕಟ್ಟಿಗೆ ಅಂತ ಹಾಕಿದರೆ ಆ ದಿನದ ಗ್ಯಾಸಿನ ಬಿಲ್ಲಿನ ಗತಿ ಏನು?" ಎಂದ. ಮುಚ್ಚಿಡಬೇಕೆಂಬ ಆಸೆಯೂ ಅವನಿಗಿರಲಿಲ್ಲ. ಗ್ಯಾಸಿನ ಗುತ್ತಿಗೆ ಯಾರದೋ, ಗೇಟಿನ ಕಟ್ಟಿಗೆ ಅಂಗಡಿಯೂ ಅವರದೇ ಎಂಬುದನ್ನೂ ಅವನೇ ಹೇಳಿದ, ಇವತ್ತು ಮಳೆ ಜೋರು ಎಂದು ಹೇಳುವಷ್ಟು ಸಲೀಸಾಗಿ. ಯಂತ್ರ ಬಂದ್ ಇದ್ದರೆ ಕಟ್ಟಿಗೆ ಮಾರಾಟ, ರಿಜಿಸ್ಟರಿನಲ್ಲಿ ಯಂತ್ರ ಓಡುತ್ತಿದ್ದರೆ ಗ್ಯಾಸಿನ ಬಿಲ್ಲು. ಒಂದೇ ಹೆಣವನ್ನು ಎರಡು ಸಲ ಸುಡುತ್ತಿದ್ದರು.

ಅತ್ತೆಗೆ ಎಲ್ಲ ಹೇಳಿದೆ. ಅವರು ಅತ್ತು ಕೂರಲಿಲ್ಲ. "ಕಂಪ್ಲೇಂಟ್ ಬರಿ," ಎಂದರು. ಅವರು ಹೇಳಿದ್ದನ್ನು ನಾನು ಮರಾಠಿಯಲ್ಲಿ ಬರೆದೆ, ಅವರು ಸಹಿ ಹಾಕಿದರು. ಪಾಲಿಕೆಯ ಮುಖ್ಯ ಕಚೇರಿಗೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಆ ಸಂಜೆ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ನಾಲ್ಕು ದಿನ ಕಳೆದ ಮೇಲೆ ಆರೋಗ್ಯ ವಿಭಾಗದ ಇನ್ಸ್‌ಪೆಕ್ಟರ್ ಹೋಟೆಲಿಗೆ ಬಂದರು. ವರ್ಷಗಟ್ಟಲೆ ನಮ್ಮ ದೋಸೆ ತಿಂದವರು. ಅಂದು ಮಾತ್ರ ಅಡಿಗೆಮನೆಗೆ ಹೋಗಿ ಫ್ರಿಜ್ಜಿನ ರಬ್ಬರು, ಮೋರಿಯ ಜಾಳಿಗೆ, ನೀರಿನ ಟಾಕಿಯ ಮುಚ್ಚಳ ಎಲ್ಲದರ ಫೋಟೊ ತೆಗೆದರು. ತಪ್ಪುಗಳು ಇರಲಿಲ್ಲವೆಂದು ಹೇಳುವುದಿಲ್ಲ. ಯಾವ ಹೋಟೆಲಿನಲ್ಲಿ ಇರುವುದಿಲ್ಲ? ಆದರೆ ಅವೆಲ್ಲ ಹತ್ತು ವರ್ಷದಿಂದ ಅವರ ಕಣ್ಣೆದುರಿಗೇ ಇದ್ದವು. ನೋಟಿಸಿನ ಕಾಗದ ಮೇಜಿನ ಮೇಲಿಟ್ಟು ಪ್ಲೇಟು ವಡೆ ತರಿಸಿದರು.

"ಅಣ್ಣಾ, ಸೀಲ್ ಮಾಡುವುದಕ್ಕೆ ನನಗೂ ಮನಸ್ಸಿಲ್ಲ," ಎಂದು ಹಿಂದಿಯಲ್ಲಿ ಹೇಳಿದರು. "ನಿಮ್ಮ ಮಾಮಿಗೆ ವಯಸ್ಸಾಗಿದೆ. ದುಃಖದಲ್ಲಿ ಏನೋ ಬರೆದುಕೊಟ್ಟಿದ್ದಾರೆ. ಝರಾ ಸಮಝಾವೋ, ಸ್ವಲ್ಪ ತಿಳಿಸಿ ಹೇಳಿ." ಎರಡು ಸಲ ಚಟ್ನಿ ಹಾಕಿಸಿಕೊಂಡರು. ಬಾಯಿಯ ಅಂಚಿನಲ್ಲಿ ಚಟ್ನಿ ಅಂಟಿತ್ತು. ನಾನು ಟಿಶ್ಯೂ ಕೊಟ್ಟೆ.

ಹೌದು, ಕೊಟ್ಟೆ. ಅವರು ಹೋದ ಕೂಡಲೇ ಗಲ್ಲಾದಲ್ಲಿ ಕೂತು ಇನ್ನೊಂದು ಅರ್ಜಿ ಬರೆದೆ. ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟಿದ್ದೆವು, ನಮ್ಮದೇನೂ ತಕರಾರಿಲ್ಲ, ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಅತ್ತೆಯ ಮುಂದಿಟ್ಟೆ. ಅವರು ಇಡೀ ಓದಿದರು.

"ಬರ್ದದ್ದ್ ಯಾರ್?"

"ನಾನೇ."

"ಅಕ್ಷರ ಚಂದ ಇತ್ತ್," ಎಂದು ಮಡಿಸಿ ವಾಪಸು ಕೊಟ್ಟರು. "ನಾ ಸೈ ಹಾಕುದಿಲ್ಲ ಮಗಾ."

ಕಾಮೋಠೆಯಿಂದ ಮಗಳೂ ಫೋನಿನಲ್ಲಿ, "ಅಮ್ಮಾ, ಛೋಡ್ ನಾ. ಪಪ್ಪಾ ವಾಪಸ್ ತೋ ನಹೀ ಆನೇವಾಲೇ," ಎಂದಳು, ಬಿಟ್ಟುಬಿಡು, ಪಪ್ಪಾ ಏನು ತಿರುಗಿ ಬರುವುದಿಲ್ಲ ಎಂದು. ಚೀಟಿ ತಿದ್ದುವವರೆಗೆ ಸರ್ಟಿಫಿಕೇಟ್ ಮಾಡಿಸಲು ಅತ್ತೆ ಒಪ್ಪಿರಲಿಲ್ಲ, ಅದಿಲ್ಲದೆ ಮನೆ ಅವರ ಹೆಸರಿಗೆ ಆಗುವುದಿಲ್ಲ ಎಂಬ ಚಿಂತೆ ಅವಳದು. ಅತ್ತೆ ಕೇಳಿಸಿಕೊಂಡು ಫೋನ್ ಇಟ್ಟರು.

ಆಮೇಲೆ ನಾನು ಮಾಡಿದ್ದನ್ನು ಇಲ್ಲಿಯವರೆಗೆ ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. 'ಮೃತರ ಸೋದರಳಿಯ, ಕುಟುಂಬದ ಪರವಾಗಿ' ಎಂದು ಬರೆದು ಆ ಅರ್ಜಿಗೆ ನಾನೇ ಸಹಿ ಹಾಕಿದೆ. ಮುಖ್ಯ ಕಚೇರಿಯಲ್ಲಿ ದೂರು ಕೊಟ್ಟವರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ದೂರು ತೆಗೆದುಕೊಳ್ಳಲು ಅರ್ಧ ದಿನ ಕಾಯಿಸಿದವರು, ಅದನ್ನು ಹಿಂದಕ್ಕೆ ಪಡೆಯಲು ಬಂದವನಿಗೆ ಕುರ್ಚಿ ಕೊಟ್ಟು ಚಹಾ ತರಿಸಿದರು. ಹೋಟೆಲಿನ ನೋಟಿಸಿನ ಸುದ್ದಿ ಮತ್ತೆ ಬರಲೇ ಇಲ್ಲ.

ಇಪ್ಪತ್ತು ದಿನ ಕಳೆದು ಅತ್ತೆಯ ಮನೆಗೆ ಪಾಲಿಕೆಯ ಪತ್ರ ಬಂತು. ಕುಟುಂಬದವರ ಕೋರಿಕೆಯಂತೆ ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಅತ್ತೆ ನನಗೆ ಫೋನ್ ಮಾಡಲಿಲ್ಲ. ಮಗಳನ್ನು ಕರೆಸಿದರು. ಅಂದು ನಡೆದದ್ದನ್ನು ಆಮೇಲೆ ಮಗಳೇ ನನಗೆ ಹೇಳಿದಳು. ಬಂದವಳು ತಾಯಿಯ ಮೇಲೆ ರೇಗಬೇಕೆಂದೇ ಬಂದಿದ್ದಳಂತೆ. ಅತ್ತೆ ಆ ಪತ್ರವನ್ನೂ ಚೀಟಿಯನ್ನೂ ಅವಳ ಮುಂದಿಟ್ಟು, "ಟಯರ್ ಹಾಕುವತಿಗೆ ನೀ ಅಲ್ಲೇ ಇದ್ದೆ ಅಲ್ದಾ? ಇದ್ರಲ್ಲ್ ಬರ್ದದ್ದ್ ಖರೆಯಾ?" ಎಂದಷ್ಟೇ ಕೇಳಿದರಂತೆ. ಮಗಳು ಪೆನ್ನು ತೆಗೆದುಕೊಂಡಳು. ಅತ್ತೆ ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದರು, ಅವಳು ಮರಾಠಿಯಲ್ಲಿ ಬರೆದಳು. ಹೆಣ ಒಯ್ದ ಹೊತ್ತು, ಬಾಗಿಲ ಮೇಲಿನ ಕಾಗದ, ಟಯರು, ಯಂತ್ರದ ಸದ್ದು. 'ನನ್ನ ಸಹಿಯಿಲ್ಲದ ಯಾವ ಅರ್ಜಿಯೂ ನನ್ನದಲ್ಲ' ಎಂಬುದು ಕೊನೆಯ ವಾಕ್ಯ. ನನ್ನ ಹೆಸರನ್ನು ಎಲ್ಲಿಯೂ ಎತ್ತಿರಲಿಲ್ಲ.

ಅಲ್ಲಿಂದ ಐದು ತಿಂಗಳು ಅವರಿಬ್ಬರೂ ಅಲೆದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರ ಬದಲಿಯಾಗಿದೆ, ಫೈಲು ಬೇರೆ ವಿಭಾಗಕ್ಕೆ ಹೋಗಿದೆ. ಒಬ್ಬ ಅಧಿಕಾರಿ, "ಅಜ್ಜಿ, ನಿಮಗೆ ಬೇಕಾಗಿರುವುದಾದರೂ ಏನು?" ಎಂದು ಕೇಳಿದನಂತೆ, ಇದರಲ್ಲಿ ಏನೋ ಒಂದು ಬೇಕಾಗಿಯೇ ಇರಬೇಕು ಎಂಬ ಹಾಗೆ. ಅತ್ತೆ ಚೀಟಿ ತೋರಿಸಿ, "ಹೇ ಖೋಟಂ ಆಹೇ. ಖರಂ ಲಿಹಾ," ಎಂದರಂತೆ. ಇದು ಸುಳ್ಳು, ನಿಜ ಬರೆಯಿರಿ. ಪೇಪರ್ ಓದುತ್ತಿದ್ದರೂ ಅದಕ್ಕಿಂತ ಹೆಚ್ಚಿಗೆ ಮಾತಾಡುವಷ್ಟು ಮರಾಠಿ ಅವರ ಬಾಯಿಗೆ ಬರುತ್ತಿರಲಿಲ್ಲ.

ಕೊನೆಗೆ ಬರೆದುಕೊಟ್ಟರು. ಚೀಟಿಯಲ್ಲೂ ರಿಜಿಸ್ಟರಿನಲ್ಲೂ 'ಗ್ಯಾಸ್' ಎಂಬುದಕ್ಕೆ ಅಡ್ಡಗೆರೆ ಎಳೆದು ಮೇಲೆ 'ಕಟ್ಟಿಗೆ' ಎಂದು ಬರೆದು ಪಕ್ಕದಲ್ಲಿ ಚಿಕ್ಕ ಸಹಿ. ತಿದ್ದಿದ್ದು ಅದೊಂದನ್ನೇ. ರಿಜಿಸ್ಟರಿನ ಮಿಕ್ಕ ಹೆಸರುಗಳ ಮುಂದೆ ಗ್ಯಾಸ್ ಹಾಗೆಯೇ ಉಳಿಯಿತು. ಸ್ಮಶಾನದ ನೌಕರನನ್ನು ಬೇರೆ ವಾರ್ಡಿಗೆ ಹಾಕಿದರು. ಆ ಕಾಗದವನ್ನು ಅಂಟಿಸಲು ಹೇಳಿದವರು ಎಲ್ಲಿದ್ದರೋ ಅಲ್ಲೇ ಇದ್ದಾರೆ. ಗುತ್ತಿಗೆ ಅವರಿಗೇ ಮತ್ತೆ ಸಿಕ್ಕಿತು. ಮಳೆಗಾಲ ಬಂದರೆ ಯಂತ್ರ ಈಗಲೂ ಕೆಡುತ್ತದೆ.

ಸರ್ಟಿಫಿಕೇಟ್ ಕೈಗೆ ಬಂದ ವಾರ ಅತ್ತೆಯ ಮನೆಗೆ ಹೋದೆ. ಅಷ್ಟು ತಿಂಗಳು ಏನೇನೋ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಅವರು ಬೈಯುತ್ತಾರೆ, ಬೈಯಲಿ ಎಂದು ಗಟ್ಟಿ ಮಾಡಿಕೊಂಡೇ ಮೆಟ್ಟಿಲು ಹತ್ತಿದ್ದೆ. ಅತ್ತೆ ಬಾಗಿಲು ತೆರೆದು ಕೂರಲು ಹೇಳಿದರು, ನೀರು ತಂದುಕೊಟ್ಟರು.

"ತಪ್ಪಾಯ್ತ್ ಅತ್ತೆ," ಎಂದೆ.

"ಯಾವ್ದ್?"

ನಾನು ನೀರಿನ ಲೋಟ ಕೆಳಗಿಟ್ಟೆ.

"ನಿಂಗೆ ಹೋಟ್ಲ್ ಇತ್ತ್. ಅದ್ರಗೆ ಉಂಬವ್ರ್ ಹನ್ನೆರಡ್ ಜನ ಇದ್ರ್," ಎಂದರು. "ನಂದ್ ಎಂತ ಸೀಲ್ ಮಾಡೂಕೆ ಆತ್ತ್ ಅವ್ರಿಗೆ?"

ಅವರ ದನಿಯಲ್ಲಿ ಚುಚ್ಚುಮಾತೇನೂ ಇರಲಿಲ್ಲ. ನನ್ನ ಪರವಾಗಿ ಅವರೇ ವಾದಿಸಿಬಿಟ್ಟಿದ್ದರು. ಪಾಲಿಕೆಯವರ ಮೇಲೆ ನನಗಿದ್ದ ಹೇಸಿಗೆಯನ್ನು ಎಲ್ಲಿಯೂ ಕೂತು ಬಾಯ್ತುಂಬ ಹೇಳಬಹುದಿತ್ತು, ಹೇಳಿಯೂ ಇದ್ದೇನೆ. ಆ ಮಧ್ಯಾಹ್ನ ಅದೇ ಹೇಸಿಗೆ ನನ್ನದೇ ಮೈಯಿಂದ ಎದ್ದು ಬಂದಾಗ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಅತ್ತೆ ಊಟಕ್ಕೆ ಏಳು ಎಂದರು. ಎದ್ದು ಕೈ ತೊಳೆದುಕೊಂಡೆ.