ಮೇಲಿನ ಮನೆಯ ಚಪ್ಪಟೆ ಪೆಟ್ಟಿಗೆ

ಹಲ್ಲಕ್ಕ ಎಂಬ ಅಡ್ಡಹೆಸರು ಅವಳಿಗೆ ಬಂದದ್ದು ಕೆಲಸದಿಂದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವ ಸಣ್ಣ ವರ್ಕ್‌ಶಾಪಿನಲ್ಲಿ ಅವಳು ಕೂತು ಮೇಣ ಕೆತ್ತುತ್ತಿದ್ದಳು. ಪೇಟೆಯಲ್ಲಿ ಯಾರಾದರೂ ವಯಸ್ಸಾದವರು ಬಾಯ್ತುಂಬ ನಕ್ಕರೆ, ಇದು ನನ್ನ ಕೈಕೆಲಸವೇ ಇರಬೇಕು ಎಂದು ಗಂಡನ ಕಿವಿಯಲ್ಲಿ ಹೇಳುವಳು.

ಅತ್ತೆ ಇದ್ದದ್ದು ಅವಳ ಜೊತೆ, ಕೆಳಗಿನ ಮನೆಯಲ್ಲಿ. ಅವರ ಮೊಣಕಾಲಿಗೆ ಎಣ್ಣೆ ತಿಕ್ಕುವುದು, ಕನ್ನಡಕ ಹುಡುಕಿಕೊಡುವುದು, ಹೇಳಿದ್ದನ್ನೇ ಮತ್ತೆ ಹೇಳಿದಾಗ ಮೊದಲ ಸಲ ಕೇಳಿದವಳಂತೆ ಹೂಂಗುಟ್ಟುವುದು, ಎಲ್ಲ ಅವಳ ಪಾಲಿನದು. ಮಹಡಿಯ ಮೇಲೆ ಮೈದುನ ಹೊಸದಾಗಿ ಸಂಸಾರ ಹೂಡಿದ್ದ. ಅವನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮಾತು ಕಡಿಮೆ, ಕುತೂಹಲ ಜಾಸ್ತಿ. ಈ ವಾರಗಿತ್ತಿ ಒಂದು ಭಾನುವಾರ ಬಿಡಿಭಾಗಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು, ಟಿವಿ ಕೆಳಗಿನ ಖಾನೆಯಲ್ಲಿ ಮಲಗುವಂಥ ಒಂದು ಚಪ್ಪಟೆ ಕಂಪ್ಯೂಟರನ್ನು ತಾನೇ ಜೋಡಿಸಿಬಿಟ್ಟಳು. ಅದರ ತುಂಬ ಅತ್ತೆಯ ಕಾಲದ ಕಪ್ಪುಬಿಳುಪು ಚಿತ್ರಗಳು.

ಅಂದಿನಿಂದ ಅತ್ತೆಯ ಸಂಜೆಗಳೆಲ್ಲ ಮೇಲಕ್ಕೆ ಹೋದವು. ಅಂಗಳದವರೆಗೆ ನಡೆಯಲೂ ಒಲ್ಲೆನ್ನುತ್ತಿದ್ದ ಮೊಣಕಾಲು ಮೆಟ್ಟಿಲು ಕಂಡ ಕೂಡಲೇ ಗುಣವಾಗುತ್ತಿತ್ತು. ಕೆಳಗೆ ಬಟ್ಟೆ ಮಡಿಸುತ್ತ ಕೂತ ಹಲ್ಲಕ್ಕನಿಗೆ ಮೇಲಿಂದ ನಗು ಕೇಳುತ್ತಿತ್ತು. ತಾನು ಮಾಡಿಕೊಟ್ಟ ಹಲ್ಲಿಟ್ಟುಕೊಂಡು ಇನ್ನೊಬ್ಬಳ ಮನೆಯಲ್ಲಿ ಅತ್ತೆ ನಗುತ್ತಿದ್ದಾರೆ ಎನ್ನಿಸಿ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು.

ಅಂಥದೊಂದು ಪೆಟ್ಟಿಗೆಯನ್ನು ತಾನೂ ಮಾಡುತ್ತೇನೆಂದು ಹೊರಟಳು. ಸಿದ್ಧವಾದದ್ದನ್ನೇ ಕೊಂಡುಬಿಡೋಣ ಎಂದ ಗಂಡನನ್ನು ದುರುಗುಟ್ಟಿ ನೋಡಿದಳು. ವಾರಗಿತ್ತಿ ಸ್ವಂತ ಕೈಯಿಂದ ಮಾಡಿರುವಾಗ ತಾನು ಕೊಂಡು ತಂದರೆ ಸೋತಂತಲ್ಲವೇ? ಊಟದ ಬಿಡುವಿನಲ್ಲಿ ಫೋನಿನಲ್ಲಿ ವಿಡಿಯೋ ನೋಡಿ ಕಲಿತಳು. ಅಂಗಡಿಯಲ್ಲಿ ಬೇಕೆಂದೇ ಮೇಲಿನ ಮನೆಯದಕ್ಕಿಂತ ತೆಳ್ಳನೆಯ ಕೇಸು ಆರಿಸಿದಳು. ಮನೆಗೆ ಬಂದು ಜೋಡಿಸಿದರೆ ಪ್ರೊಸೆಸರ್ ಮೇಲಿನ ಫ್ಯಾನು ಎತ್ತರವಾಗಿ ಮುಚ್ಚಳ ಕೂರಲೊಲ್ಲದು. ತುಟಿ ಕಚ್ಚಿಕೊಂಡು ಮತ್ತೆ ಅಂಗಡಿಗೆ ಹೋಗಿ ಗಿಡ್ಡ ಫ್ಯಾನು ತಂದಳು. ಉಳಿದ ಕೆಲಸ ಅವಳ ಬೆರಳಿಗೆ ನೀರು ಕುಡಿದಷ್ಟು ಸುಲಭವಾಯಿತು. ವೈರುಗಳನ್ನು ಅವಳು ಜಡೆ ಹೆಣೆದಷ್ಟು ಅಚ್ಚುಕಟ್ಟಾಗಿ ಮೂಲೆಗೆ ಸೇರಿಸಿ ಕಟ್ಟಿದ್ದಳು. ಆದರೆ ಮುಚ್ಚಳ ಹಾಕಿದ ಮೇಲೆ ಅದನ್ನು ನೋಡುವವರು ಯಾರು?

ಮೊದಲ ಸಂಜೆ ಗಂಡ ಓದಿದ ಪೇಪರುಗಳನ್ನು ಅದರ ಮೇಲೇ ಪೇರಿಸಿದ. ಚಿತ್ರ ಅರ್ಧಕ್ಕೆ ನಿಂತಿತು. ಅಂಗಡಿಯವನಿಗೆ ಫೋನು ಮಾಡಿದರೆ ಅವನು ನಕ್ಕ. ಮೇಲಿನ ತೂತುಗಳಿಂದಲೇ ಬಿಸಿ ಹೊರಗೆ ಹೋಗಬೇಕು, ಅವನ್ನು ಮುಚ್ಚಿದರೆ ಪೆಟ್ಟಿಗೆ ಕಾದು ತಾನಾಗಿಯೇ ಆಫ್ ಆಗುತ್ತದೆ ಎಂದು ತಿಳಿಸಿ ಹೇಳಿದ.

ಮರುದಿನ ಅತ್ತೆಯನ್ನು ಕೂರಿಸಿ, ರಿಮೋಟು ಅವರ ಕೈಗೆ ಕೊಟ್ಟು, ಹಲ್ಲಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡಿದಳು. ಅತ್ತೆ ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತಿಗೆ ಆಕಳಿಸಿದರು.

"ಮೇಲೆ ಇವತ್ತು ಯಾವುದು ಹಾಕ್ತಾಳಂತೆ?" ಎಂದು ಕೇಳಿದರು.

ಆ ಮಾತು ಅವಳ ಎದೆಯಲ್ಲಿ ನಾಟಿತು. ವಾರವಿಡೀ ಕೂತು ಬಿಳಿ ನೂಲಿನಲ್ಲಿ ಒಂದು ಹಾಸು ಹೆಣೆದಳು. ಒತ್ತೊತ್ತಾದ ಹೆಣಿಗೆ, ಅಂಚಿನ ಸುತ್ತ ಸಣ್ಣ ಹೂಗಳು, ಅಳತೆಯೂ ಸರಿಯಾಗಿ ಮೇಲಿನ ಮನೆಯ ಪೆಟ್ಟಿಗೆಯದೇ. ತಾನೇ ಹೋಗಿ, ಧೂಳು ಕೂರಬಾರದಲ್ಲ ಎಂದು ನಗುತ್ತ ಹೊದಿಸಿ ಬಂದಳು. ವಾರಗಿತ್ತಿಯ ಮುಖ ಅರಳಿತು. ನನ್ನ ದೊಡ್ಡ ಸೊಸೆಯ ಕೈಗುಣವೇ ಹಾಗೆ ಎಂದು ಅತ್ತೆ ಹೊಗಳಿದರು.

ಮೇಲಿನ ಮನೆಯಲ್ಲಿ ಚಿತ್ರಗಳು ನಡುನಡುವೆ ನಿಲ್ಲತೊಡಗಿದವು. ಅತ್ತೆ ಕೆಳಗೇ ಉಳಿದರು. ಹಲ್ಲಕ್ಕನಿಗೆ ಗೆದ್ದ ಹಿಗ್ಗು. ಆದರೆ ಆ ಹಿಗ್ಗು ಅವಳು ಎಣಿಸಿದಷ್ಟು ರುಚಿಸಲಿಲ್ಲ. ಅತ್ತೆ ಟಿವಿ ಮುಂದೆ ಒಬ್ಬರೇ ಕೂತು ತೂಕಡಿಸುತ್ತಿದ್ದರು. ನಾಯಕಿ ಅಳುವಾಗ ಪಕ್ಕಕ್ಕೆ ತಿರುಗಿ ಏನೋ ಹೇಳಹೋಗಿ, ಯಾರೂ ಇಲ್ಲದ್ದು ಕಂಡು ಸುಮ್ಮನಾಗುತ್ತಿದ್ದರು.

ಒಂದು ಸಂಜೆ ವಾರಗಿತ್ತಿ ಇಳಿದುಬಂದು, ಸ್ವಲ್ಪ ಮೇಲೆ ಬರುತ್ತೀರಾ ಎಂದು ಕರೆದಳು. ಹೋಗಿ ನೋಡಿದರೆ ಪೆಟ್ಟಿಗೆ ಬಿಚ್ಚಿತ್ತು. ಹಾಸು ಮಡಿಸಿ ದಿಂಬಿನ ಮೇಲಿಟ್ಟಿತ್ತು. ನೆಲದ ಮೇಲೊಂದು ಹೊಸ ಫ್ಯಾನು.

"ಇದನ್ನ ಹಿಂದುಗಡೆ ಕೂರಿಸ್ಬೇಕು ಅಕ್ಕ. ಸ್ಕ್ರೂ ನನ್ನ ಕೈಗೆ ನಿಲ್ತಿಲ್ಲ, ನಿಮ್ಮ ಬೆರಳು ನಯ."

ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತ, ಇನ್ನೊಂದು ಫ್ಯಾನು ಏಕೆಂದು ಹಲ್ಲಕ್ಕ ಕೇಳಿದಳು.

"ಹಾಸು ಹೊದಿಸಿದ್ರೆ ಬಿಸಿ ಆಗತ್ತೆ. ಮೊದಲ್ನೇ ಸಲ ಆಫ್ ಆದಾಗ್ಲೇ ಗೊತ್ತಾಯ್ತು. ಆದ್ರೆ ಈ ಮನೆಗೆ ಬಂದ್ಮೇಲೆ ನೀವು ನಂಗೆ ಅಂತ ಮಾಡಿಕೊಟ್ಟಿದ್ದು ಅದೊಂದೇ. ತೆಗೆದಿಡೋಕೆ ಮನಸ್ಸು ಬರ್ಲಿಲ್ಲ."

ಹಲ್ಲಕ್ಕನಿಗೆ ನಾಚಿಕೆಗಿಂತ ಮೊದಲು ಬಂದದ್ದು ಮತ್ತೆ ಅದೇ ಉರಿ. ಅತ್ತೆ, ಚಿತ್ರ, ನಗು ಎಲ್ಲ ಸಾಲದೆಂದು ಈ ಒಳ್ಳೆಯತನವೂ ಇವಳಿಗೇ ಇರಬೇಕೇ? ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಬಿಸಿ ಆಗತ್ತೆ ಅಂತ ಗೊತ್ತಿದ್ದೇ ಕೊಟ್ಟೆ."

ವಾರಗಿತ್ತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹಾಸನ್ನು ಎತ್ತಿ ಹಲ್ಲಕ್ಕನ ಮಡಿಲಿಗೆ ಎಸೆದಳು. ಕೆಳಗೆ ಹೋಗಿ ಎಂದು, ಅಕ್ಕ ಅನ್ನದೆ, ಹೇಳಿದಳು. ಮೆಟ್ಟಿಲಿಳಿಯುವಾಗ ಹಲ್ಲಕ್ಕನ ಮನಸ್ಸು ವಿಚಿತ್ರವಾಗಿ ಹಗುರಾಗಿತ್ತು. ಕೊನೆಗೂ ಆ ವಾರಗಿತ್ತಿಗೂ ಸಿಟ್ಟು ಬರುತ್ತದೆ ಎಂಬುದು ಗೊತ್ತಾಗಿತ್ತು.

ಬಹಳ ದಿನ ಇಬ್ಬರ ನಡುವೆ ಮಾತಿರಲಿಲ್ಲ. ನೀರಿನ ಮೋಟರು ಹಾಕಬೇಕೆಂದರೂ ಅತ್ತೆಯೇ ಮೆಟ್ಟಿಲ ಬುಡದಲ್ಲಿ ನಿಂತು ಸುದ್ದಿ ಮುಟ್ಟಿಸಬೇಕು. ನನ್ನನ್ನೇನು ಟೆಲಿಫೋನು ಅಂದುಕೊಂಡಿದ್ದೀರಾ ಎಂದು ಅವರು ಗೊಣಗುತ್ತಿದ್ದರು. ಆ ದಿನಗಳಲ್ಲಿ ಹಲ್ಲಕ್ಕ ಚಿತ್ರ ಹಾಕಿ ಅಡುಗೆಮನೆಗೆ ಹೋಗುವುದನ್ನು ಬಿಟ್ಟಳು. ಅತ್ತೆಯ ಪಕ್ಕದಲ್ಲೇ ಕೂತು, ಆ ದಪ್ಪ ಮೀಸೆಯವನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದಳು. ಅತ್ತೆಗೆ ಹೇಳಲು ಎಷ್ಟಿತ್ತೆಂದರೆ ಚಿತ್ರ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾರಗಿತ್ತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖ ಇನ್ನೂ ಬಿಗಿದೇ ಇತ್ತು. ಒಂದು ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟಳು.

"ಅತ್ತೆಗೆ ಇಷ್ಟವಾದ ಚಿತ್ರ ಎಲ್ಲಾ ಇದೆ. ನಿಮ್ಮದಕ್ಕೂ ಹಾಕ್ಕೊಳ್ಳಿ."

ಕೂತುಕೋ ಎಂದಳು ಹಲ್ಲಕ್ಕ. ಅವಳು ಕೂರಲಿಲ್ಲ, ಆದರೆ ಕೊಟ್ಟ ನೀರು ಕುಡಿದು ಹೋದಳು.

ಈಗ ಅತ್ತೆ ಮನಸ್ಸು ಬಂದಂತೆ ಒಂದು ಸಂಜೆ ಮೇಲೆ, ಒಂದು ಸಂಜೆ ಕೆಳಗೆ. ವಾರಗಿತ್ತಿಯರಿಬ್ಬರೂ ಮಾತಾಡುತ್ತಾರೆ, ಒಮ್ಮೊಮ್ಮೆ ನಗುತ್ತಾರೆ ಕೂಡ. ಹಲ್ಲಕ್ಕನ ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಅತ್ತೆ ಮೇಲೆ ಹೋದ ಸಂಜೆ ನಗು ಕೇಳಿಸಿದರೆ ಬಟ್ಟೆ ಮಡಿಸುವ ಕೈ ಇವತ್ತಿಗೂ ಒಮ್ಮೆ ನಿಲ್ಲುತ್ತದೆ. ಅತ್ತೆ ಇಳಿದುಬಂದ ಮೇಲೆ, ಇವತ್ತು ಯಾವ ಚಿತ್ರ ಎಂದು ಅವಳೇ ಕೇಳುತ್ತಾಳೆ, ಕತೆಯನ್ನು ಮೊದಲಿಂದ ಹೇಳಿಸಿಕೊಳ್ಳುತ್ತಾಳೆ.