ಮಳೆಯಲ್ಲಿ ಕೂತ ಮಂಗನ ಮರಿ

ಮಂಗನ ಮರಿಯೊಂದು ಸುರಿಯುವ ಮಳೆಯಲ್ಲಿ ತಗ್ಗಾದ ಕೊಂಬೆಯ ಮೇಲೆ ಒಂಟಿಯಾಗಿ ಕೂತಿತ್ತು. ಹತ್ತಿರ ಹೋದರೂ ಅಲುಗಾಡಲಿಲ್ಲ. ಕೊಲ್ಲೂರಿನಲ್ಲಿ ಹೂ ಮಾರುವ ನಾನು ಕಾಡಂಚಿನ ದಾರಿಯಲ್ಲಿ ಅಂಗಡಿಗೆ ಹೊರಟಿದ್ದೆ. ಬುಟ್ಟಿ ಕೆಳಗಿಟ್ಟು ಮರಿಯನ್ನು ಎತ್ತಿ, ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡೆ. ಮೈ ಬೆಚ್ಚಗಿತ್ತು, ಆದರೆ ಉಸಿರಾಟ ಗೊತ್ತಾಗಲಿಲ್ಲ. ಗಾಬರಿಯಿಂದ, “ಹ್ವಾಯ್, ಯಾರಾದ್ರೂ ಬೇಗ ಬನ್ನಿ! ಮರಿಗೆ ಇನ್ನೂ ಜೀವ ಇತ್ತ್!” ಎಂದು ಕೂಗಿದೆ.

ಪೊದೆಯ ಹಿಂದಿನಿಂದ ರೇನ್‌ಕೋಟ್ ತೊಟ್ಟ ಹುಡುಗಿಯೊಬ್ಬಳು ಓಡಿ ಬಂದಳು. ಮಂಗಗಳ ಬಗ್ಗೆ ಸಂಶೋಧನೆ ಮಾಡುವವಳಂತೆ. ನನ್ನ ಕೈಯಲ್ಲಿದ್ದದ್ದು ಅವಳೇ ಮಾಡಿದ ಗೊಂಬೆ! ಒಳಗೆ ತಾಮ್ರ, ಮೇಲೆ ತುಪ್ಪಳದಂಥ ಬಟ್ಟೆ. ಬ್ಯಾಟರಿಯಿಂದ ಅದನ್ನು ಜೀವಂತ ಮರಿಯಷ್ಟೇ ಬಿಸಿಯಾಗಿಟ್ಟು, ಮಳೆಗಾಳಿಗೆ ಮರಿಗಳು ಎಷ್ಟು ಶಾಖ ಕಳೆದುಕೊಳ್ಳುತ್ತವೆ ಎಂದು ಅಳೆಯುತ್ತಿದ್ದಳು. ಅವಳ ಬೆಳಗಿನ ಕೆಲಸವನ್ನೆಲ್ಲ ಹಾಳು ಮಾಡಿದೆನಲ್ಲ ಎಂದು ನಾಚಿಕೆಯಾಗಿ ಗೊಂಬೆಯನ್ನು ಹಿಂದಿರುಗಿಸಲು ಹೋದೆ.

ಅವಳು ಕೈಯಲ್ಲಿದ್ದ ಮೀಟರ್ ನೋಡುತ್ತಾ, “ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಳ್ಳಿ ಅಮ್ಮಾ. ನೀವು ಅಪ್ಪಿಕೊಂಡ ಮೇಲೆ ಇದಕ್ಕೆ ಬಿಸಿಯಾಗಿರೋಕೆ ಬ್ಯಾಟರಿ ಹೆಚ್ಚು ಬೇಕಾಗ್ತಿಲ್ಲ” ಎಂದಳು. ಅರ್ಧ ಗಂಟೆ ಹಾಗೆಯೇ ನಿಂತೆ. ಅವಳು ನನಗೆ ಕೊಡೆ ಹಿಡಿದಳು. ಉಸಿರಿಲ್ಲದ ಗೊಂಬೆ ಎಂದು ಗೊತ್ತಿದ್ದೂ, ನನಗರಿವಿಲ್ಲದೆ ಅದರ ಬೆನ್ನು ತಟ್ಟುತ್ತಿದ್ದೆ.

ಮಳೆ ಜೋರಾದರೆ ಮರಿಯನ್ನು ಅಪ್ಪಿಕೊಂಡ ತಾಯಿಮಂಗಗಳು ನಮ್ಮ ಅಂಗಡಿಯ ಸೂರಿನಡಿ ಬರುವುದುಂಟು. ಮುಂಚೆ ಕೋಲು ಎತ್ತುತ್ತಿದ್ದೆ. ಹೂ ಕಿತ್ತರೆ ಬೈಯುವುದನ್ನು ಈಗಲೂ ಬಿಟ್ಟಿಲ್ಲ, ಆದರೆ ಮಳೆ ನಿಲ್ಲುವ ತನಕ ಓಡಿಸುವುದಿಲ್ಲ.