ಕಲ್ಲಮ್ಮನ ತಂಗಡಿ

ನಲ್ಲೂರಿನ ಷಣ್ಮುಖಪ್ಪನವರು ವರ್ಷಕ್ಕೊಂದೇ ಸುಳ್ಳು ಹೇಳುತ್ತಿದ್ದರು, ಅದೂ ಮಡಿಯುಟ್ಟು.

ದೀಪಾವಳಿಯ ಬೆಳಿಗ್ಗೆ ಸಗಣಿಯಲ್ಲಿ ಹಟ್ಟಿಯ ದೇವಿ ಹಟ್ಟೆವ್ವನನ್ನು ಮಾಡಿ ಬಾಗಿಲಲ್ಲಿ ಕೂರಿಸಿ, ನೆತ್ತಿಗೆ ಅಡವಿಯ ಹೂವು ಚುಚ್ಚಬೇಕು. ಹೂವು ತರುವುದು ಮನೆಯ ಹಿರಿಯ ಗಂಡಸಿನ ಕೆಲಸ. ಆತ ಬುಟ್ಟಿ ಹಿಡಿದು ಬಂದಾಗ ಹೆಂಡತಿ ಹೊಸ್ತಿಲಲ್ಲಿ ತಡೆದು, "ಎಲ್ಲಿಂದ ತಂದ್ರಿ?" ಎಂದು ಕೇಳಬೇಕು. "ಅಡವಿಯಿಂದ ತಂದೆ" ಎಂದರೆ ಒಳಗೆ ಪ್ರವೇಶ. ಆದರೆ ನಾಲೆಯ ನೀರು ಬಂದು ಅಡವಿಯೆಲ್ಲ ತೋಟವಾಗಿ, ಷಣ್ಮುಖಪ್ಪನವರ ಬುಟ್ಟಿಗೆ ಈಗ ಚನ್ನಗಿರಿ ಸಂತೆಯ ಚೆಂಡು ಹೂವು ಬೀಳುತ್ತಿತ್ತು. ಉತ್ತರ ಮಾತ್ರ ಹಳೆಯದೇ.

ಎಪ್ಪತ್ತೈದನೇ ಇಸವಿಯ ಹಬ್ಬದಲ್ಲಿ ತಮ್ಮನ ಹೆಂಡತಿ ಕಲ್ಲಮ್ಮ ಒಳಗಿನಿಂದ ಕೇಳಿಯೇಬಿಟ್ಟಳು: "ಬಾವಾರೆ, ಅಡವಿನಾಗೆ ಚೆಂಡು ಹೂವು ದಾರಕ್ಕೆ ಪೋಣಿಸ್ಕಂಡೇ ಅರಳ್ತಾವೇನ್ರಿ?"

ಕಲ್ಲಮ್ಮ ಜಗಳೂರು ಕಡೆಯವಳು. ಅಲ್ಲಿ ಬಂಜರಿನಲ್ಲಿ ತಂಗಡಿ ಗಿಡ ತಾನಾಗಿಯೇ ಬೆಳೆದು ಹಳದಿ ಹೂವು ಹೊತ್ತು ನಿಂತಿರುತ್ತದೆ. ಆಡು ಕೂಡ ಅದನ್ನು ಮೂಸಿ ಮುಂದೆ ಹೋಗುತ್ತದೆ. ಆ ಹೂವಿಲ್ಲದ ಹಟ್ಟೆವ್ವ ಅವಳ ಕಣ್ಣಿಗೆ ಬರೀ ಸಗಣಿ.

"ತಂಗಡಿ ಬೇಕಂದ್ರೆ ನಿಮ್ಮ ಜಗಳೂರಿಗೇ ಹೋಗವ್ವ" ಎಂದರು ಬಾವ.

ಹೋದಳು. ಸೆರಗಿನ ತುದಿಯಲ್ಲಿ ಒಣಗಿದ ಕಾಯಿ ಕಟ್ಟಿಕೊಂಡು ಬಂದಳು. ಬೆಳೆಸುವುದು ಹೇಗೆಂದು ಕೇಳಿದ್ದಕ್ಕೆ ತವರಿನಲ್ಲಿ ಎಲ್ಲರೂ ನಕ್ಕಿದ್ದರು. ತಂಗಡಿಯನ್ನು ಬೆಳೆಸಿದವರು ಅಲ್ಲಿ ಹುಟ್ಟಿಯೇ ಇರಲಿಲ್ಲ.

ಮೊದಲ ವರ್ಷ ಬೀಜ ಮೊಳೆಯಲಿಲ್ಲ. ಎರಡನೇ ವರ್ಷ ಸಿಪ್ಪೆ ಸವೆಯುವಂತೆ ಕಲ್ಲಿನ ಮೇಲೆ ಉಜ್ಜಿ, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಾಕಿದಳು, ಮೊಳೆಯಿತು. ಗಂಡ ಜಯದೇವಪ್ಪ ಅಡಿಕೆ ಸಸಿ ಸಾಕಿದ ಕೈಯವನು. ಹೆಂಡತಿಯ ಮೇಲಿನ ಪ್ರೀತಿಯಿಂದ ಸಸಿಗಳಿಗೆ ಗೊಬ್ಬರ ಹಾಕಿದ, ದಿನಕ್ಕೆರಡು ಕೊಡ ನೀರೂ ಹಾಕಿದ. ಸಸಿಗಳು ಆ ಪ್ರೀತಿಯಲ್ಲಿ ಕೊಳೆತು ಸತ್ತವು.

ಮೂರನೆಯ ಸಲ ಅಂಗಳದ ಅಂಚಿಗೆ ಬಿದ್ದಿದ್ದ ಹಳೇ ಗೋಡೆಯ ಕಲ್ಲುಮಣ್ಣಿನಲ್ಲಿ, ಬಿಸಿಲು ಬೀಳುವ ಕಡೆ ಊರಿದಳು. ಸಸಿ ಗೇಣುದ್ದ ಆದ ಮೇಲೆ ನೀರು ಬಂದ್.

"ಒಂದೇ ಒಂದು ಚೊಂಬು ಹಾಕ್ಲೇನೆ? ಬಾಡೈತೆ ಪಾಪ."

"ಮುಟ್ಟಿದ್ರೆ ನೋಡ್ರಿ! ಅಕ್ಕರೆ ಹೆಚ್ಚಾಗೇ ಅವು ಸತ್ತಿದ್ದು."

ಎಪ್ಪತ್ತೊಂಬತ್ತಕ್ಕೆ ಗಿಡ ಎದೆಯೆತ್ತರ ಬಂದು ಮೊಗ್ಗು ಬಿಟ್ಟಿತು. ಹಬ್ಬಕ್ಕೆ ಎಂಟು ದಿನ ಇರುವಾಗ ಷಣ್ಮುಖಪ್ಪನವರು ಅಡಿಕೆ ಬೆಳೆಗಾರರ ಸಂಘವೊಂದರ ಅಧ್ಯಕ್ಷರಾಗಿಬಿಟ್ಟರು. ಸಂಘದಲ್ಲಿ ಇದ್ದವರು ಹನ್ನೊಂದು ಜನ. ಅಧ್ಯಕ್ಷರ ನಡಿಗೆಯಲ್ಲಿ ಮಾತ್ರ ಇಡೀ ಜಿಲ್ಲೆ ಇತ್ತು. ಸನ್ಮಾನ ಅದೇ ಅಂಗಳದಲ್ಲಿ ಆಗುವುದಿತ್ತು.

"ಬೇಲಿ ಗಿಡ ಇಟ್ಕಂಡ್ರೆ ಇದನ್ನ ಅಧ್ಯಕ್ಷರ ಮನೆ ಅಂತಾರೇನು? ದುರುಗಪ್ಪ, ಕೀಳು ಅದನ್ನ" ಎಂದು ಆಳಿಗೆ ಹೇಳಿದರು.

ದುರುಗಪ್ಪ ಗುದ್ದಲಿ ತರುವಷ್ಟರಲ್ಲಿ ಕಲ್ಲಮ್ಮ ಈಳಿಗೆ ಮಣೆ ತಂದು, ಗಿಡಕ್ಕೆ ಬೆನ್ನು ಕೊಟ್ಟು ಕೂತು ಕುಂಬಳಕಾಯಿ ಹೆಚ್ಚತೊಡಗಿದಳು.

"ಏಳವ್ವ" ಎಂದರು ಬಾವ.

"ನಿಮ್ಮ ಸನ್ಮಾನದ ಸಾರಿಗೇ ಹೆಚ್ಚಾಕೆ ಕುಂತೀನ್ರಿ. ಮುಗೀಲಿ, ಆಮೇಲೆ ಕೀಳ್ರಿ."

ಮುಗಿಯಲಿಲ್ಲ. ಮರುದಿನ ಬದನೆಕಾಯಿ, ಅದರ ಮರುದಿನ ಹೀರೇಕಾಯಿ. ದುರುಗಪ್ಪ ಗುದ್ದಲಿ ಊರಿ ನಿಂತೂ ನಿಂತೂ, "ಯಜಮಾನ್ರೆ, ಇವರು ಎದ್ದಾಗ ಹೇಳಿ ಕಳಿಸ್ರಿ" ಎಂದು ಮನೆಗೆ ಹೋದ. ಸನ್ಮಾನದ ದಿನ ಅಧ್ಯಕ್ಷರು ಹಾರ ಹಾಕಿಸಿಕೊಂಡಿದ್ದು ತಂಗಡಿಯ ಪಕ್ಕದಲ್ಲೇ.

ಹಬ್ಬದ ಬೆಳಿಗ್ಗೆ ಗಿಡ ಹಳದಿಯಾಗಿ ನಿಂತಿತ್ತು. ಆ ವರ್ಷ ಚನ್ನಗಿರಿ ಸಂತೆಯ ಚೆಂಡು ಹೂವೆಲ್ಲ ಹಿಂದಿನ ದಿನವೇ ಖರ್ಚಾಗಿತ್ತು. ಷಣ್ಮುಖಪ್ಪನವರು ಖಾಲಿ ಬುಟ್ಟಿ ಹಿಡಿದು ಗಿಡದ ಹತ್ತಿರ ಬಂದು, ಹವಾ ನೋಡುವವರಂತೆ ಆಕಾಶ ನೋಡಿದರು.

"ಕಿತ್ಕಳ್ರಿ ಬಾವಾರೆ" ಎಂದಳು ಕಲ್ಲಮ್ಮ. "ಆದ್ರೆ ಅಡವಿಯಿಂದ ಅನ್ನಂಗಿಲ್ಲ."

"ಮತ್ತೇನನ್ನಾಕೆ?"

"ಎಲ್ಲಿಂದ ತಂದ್ರೋ ಅದನ್ನೇ ಅನ್ರಿ. ಇಲ್ಲಾಂದ್ರೆ ಬುಟ್ಟಿ ಇಲ್ಲೇ ಇಡ್ರಿ."

ಅಧ್ಯಕ್ಷರು ಬುಟ್ಟಿಯನ್ನೂ ಗಿಡವನ್ನೂ ನೋಡಿದರು. ನಾಲ್ಕು ಟೊಂಗೆ ಮುರಿದುಕೊಂಡು ಹೊಸ್ತಿಲಿಗೆ ಬಂದರು.

"ಎಲ್ಲಿಂದ ತಂದ್ರಿ?" ಎಂದರು ಹೆಂಡತಿ ಕಸ್ತೂರಮ್ಮ.

ಷಣ್ಮುಖಪ್ಪನವರು ಮೂರು ಸಲ ಕೆಮ್ಮಿದರು. ಆಮೇಲೆ ಶಲ್ಯದೊಳಗೇ ಹೇಳಿದರು: "ಕಲ್ಲಮ್ಮನ ಗಿಡದಿಂದ."

ಕಲ್ಲಮ್ಮ ಸಗಣಿಯ ಕೈಯಲ್ಲೇ ಹಟ್ಟೆವ್ವನ ಹತ್ತಿರದಿಂದ ಕತ್ತೆತ್ತಿದಳು.

"ಕೇಳಿಸ್ಲಿಲ್ಲ ಬಾವಾರೆ."